ತಳದ ಕಾಳು

ಅಮಾವಾಸ್ಯೆ ಬಂತೆಂದರೆ ಉಚ್ಚಂಗಮ್ಮ ಇದ್ದುದರಲ್ಲೇ ಹಳೆಯ ಸೀರೆ ಉಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಒಳ್ಳೆಯ ಸೀರೆಯ ಸೆರಗು ಒಡ್ಡಿದರೆ ಅದಕ್ಕೆ ಬೂಷ್ಟಿನ ವಾಸನೆ ಹತ್ತಿಬಿಡುತ್ತಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಪಕ್ಕಕ್ಕೆ ಕುಂತವರು ಮೂಗು ಸಿಂಡರಿಸುತ್ತಿದ್ದರು.

ಅಮಾವಾಸ್ಯೆ ಎಂದರೆ ಪ್ರಭುಲಿಂಗಪ್ಪ ಧರ್ಮ ಕೊಡುವ ದಿನ. ಅವತ್ತು ಸೆರಗು ಒಡ್ಡಲೇಬೇಕು.

ಪ್ರಭುಲಿಂಗಪ್ಪನ ಫೀಡ್ ಮಿಲ್ಲು ಐಮಂಗಲ ದಾಟಿದ ಮೇಲೆ ಹೈವೇ ಪಕ್ಕದಲ್ಲಿದೆ. ಕೋಳಿಗೆ ಹಾಕುವ ಆಹಾರ ಅಲ್ಲಿ ತಯಾರಾಗುತ್ತದೆ. ಮಿಲ್ಲಿನ ಹಿಂದೆ ಅವನವೇ ಮೊಟ್ಟೆ ಕೋಳಿಗಳ ಶೆಡ್ಡುಗಳಿವೆ. ಊರೆಲ್ಲ ಅವನನ್ನು ಯಜಮಾನರು ಎನ್ನುತ್ತದೆ. ಈ ಕಥೆಯಲ್ಲಿ ಅವನು ಎಂದರೆ ಸಾಕು. ಕೇರಿಯ ಹೆಂಗಸರನ್ನು, ತನ್ನ ತಾಯಿಯ ವಯಸ್ಸಿನವರನ್ನೂ, ಅವನು ಯಾವತ್ತೂ ಮರ್ಯಾದೆ ಕೊಟ್ಟು ಕರೆದವನಲ್ಲ.

ಊರ ಗೌಡನಾಗಿದ್ದ ಅವನ ಅಜ್ಜನ ಕಾಲದಲ್ಲಿ ಕಣ ಇತ್ತು. ಸುಗ್ಗಿಯಲ್ಲಿ ರಾಶಿ ಮಾಡಿ, ತೂರಿ, ಮೇಲಿನ ಕಾಳು ಗೌಡರ ಮನೆಗೆ ಹೋಗುತ್ತಿತ್ತು. ನೆಲಕ್ಕೆ ಹತ್ತಿದ ಕೊನೆಯ ಪದರ, ಮಣ್ಣು, ಕಲ್ಲು, ಸಗಣಿಯ ಚಕ್ಕೆ ಬೆರೆತದ್ದು, ಕೇರಿಯವರಿಗೆ. ಅದಕ್ಕೆ ತಳದ ಕಾಳು ಎಂದು ಹೆಸರು. ವರ್ಷವಿಡೀ ಮಾಡಿದ ಬಿಟ್ಟಿ ಚಾಕರಿಗೆ ಅದೇ ಆಯ. ಗಂಡಸರು ಟವೆಲ್ಲು, ಹೆಂಗಸರು ಸೆರಗು ಒಡ್ಡಿ ಕೆಳಗೆ ನಿಲ್ಲುತ್ತಿದ್ದರು. ಗೌಡ ಮೇಲಿಂದ ಸುರಿಯುತ್ತಿದ್ದ. ಮೊರ ಸೆರಗಿಗೆ ತಾಗಬಾರದು. ತಾಗಿದರೆ ಮೊರವನ್ನು ಕೇರಿಯವರಿಗೇ ಬಿಟ್ಟುಬಿಡುತ್ತಿದ್ದರು, ಅದು ಇನ್ನು ಮನೆಗೆ ಆಗಿ ಬರುವುದಿಲ್ಲ ಎಂದು.

ಈಗ ಕಣ ಇಲ್ಲ. ಹೊಲಕ್ಕೇ ಮಿಷನ್ ಬರುತ್ತದೆ. ಆದರೆ ಪ್ರಭುಲಿಂಗಪ್ಪ ಪದ್ಧತಿ ಬಿಡಲಿಲ್ಲ. ಮಿಲ್ಲಿನಲ್ಲಿ ಅಮಾವಾಸ್ಯೆ ಪೂಜೆ ಮುಗಿದ ಮೇಲೆ ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಮೆಕ್ಕೆಜೋಳ ಸುರಿಯುತ್ತಾನೆ. ಅದರ ಫೋಟೊ ತೆಗೆಸಿ ಮೊಬೈಲಿನಲ್ಲಿ ಎಲ್ಲರಿಗೂ ಕಳಿಸುತ್ತಾನೆ. ಫೋಟೊ ಕೆಳಗೆ ಅನ್ನದಾಸೋಹ ಎಂದು ಬರೆದಿರುತ್ತದೆ. ಸುರಿಯುವ ಕಾಳು ಎಲ್ಲಿಯದು ಎಂದು ಬರೆದಿರುವುದಿಲ್ಲ.

ಅದು ಎಲ್ಲಿಯದು ಎಂದು ಇಲ್ಲಿ ಹೇಳಿಬಿಡುತ್ತೇನೆ. ಗೋಡೌನಿನಲ್ಲಿ ಆಳೆತ್ತರ ರಾಶಿ ಹಾಕಿದ ಜೋಳ ಮಳೆಗಾಲದಲ್ಲಿ ನೆಲದಿಂದ ಥಂಡಿ ಕುಡಿಯುತ್ತದೆ. ತಳದಲ್ಲಿರುವುದು ಒಂದಕ್ಕೊಂದು ಅಂಟಿಕೊಂಡು ಹೆಂಟೆಯಾಗುತ್ತದೆ. ಒಡೆದರೆ ಒಳಗೆ ಹಸಿರು, ಕಪ್ಪು, ಬೂದು ಬಣ್ಣದ ಬೂಷ್ಟು. ಆ ಹೆಂಟೆ ಒಡೆಯುವುದೇ ಉಚ್ಚಂಗಮ್ಮ ಮತ್ತು ಕೇರಿಯ ಉಳಿದ ಹೆಂಗಸರ ಕೆಲಸ. ಗುದ್ದಲಿಯಿಂದ ಕಿತ್ತು, ಕಾಲಲ್ಲಿ ತುಳಿದು, ಕೈಯಲ್ಲಿ ಹಿಚುಕಿ ಬಿಡಿಬಿಡಿ ಮಾಡಬೇಕು. ಧೂಳು ಏಳುತ್ತದೆ. ಮೂಗಿಗೆ ಸೆರಗು ಸುತ್ತಿಕೊಂಡರೂ ಗಂಟಲಿಗೆ ಇಳಿಯುತ್ತದೆ. ಮಧ್ಯಾಹ್ನ ಉಣ್ಣಲು ಕುಂತರೆ ಮುದ್ದೆಗೂ ಅದೇ ವಾಸನೆ. ಬೆರಳಿನ ಸಂದಿಯ ಚರ್ಮ ಸುಲಿದು ಬರುತ್ತದೆ. ಹೊರಗೆ ಹೋಗಿ ಕ್ಯಾಕರಿಸಿದರೆ ಉಗುಳು ಹಸಿರಾಗಿರುತ್ತದೆ.

ಒಡೆದ ಜೋಳದಿಂದ ಒಂದು ಹಿಡಿ ತೆಗೆದುಕೊಂಡು ಮೇಲ್ವಿಚಾರಕ ಪರಮೇಶ್ ಎಸಿ ಹಾಕಿದ ಕೋಣೆಗೆ ಹೋಗುತ್ತಾನೆ. ಅಲ್ಲಿ ಮಿಷನ್ನು ಅದರಲ್ಲಿ ಎಷ್ಟು ವಿಷ ಇದೆ ಎಂದು ತೋರಿಸುತ್ತದೆ. ಕಡಿಮೆ ಇದ್ದರೆ ಹಾಗೇ ಕೋಳಿಗೆ. ಸ್ವಲ್ಪ ಹೆಚ್ಚಿದ್ದರೆ ಬೈಂಡರ್ ಎಂಬ ಬೂದಿ ಬಣ್ಣದ ಪುಡಿ ಬೆರೆಸಿ ಕೋಳಿಗೆ. ಆ ಪುಡಿಯ ಚೀಲದ ಮೇಲೆ ಮೈ ತುಂಬಿಕೊಂಡ ಬಿಳಿ ಕೋಳಿಯ ಚಿತ್ರ. ಪುಡಿಯಿಂದಲೂ ಆಗದು ಎನ್ನುವಷ್ಟು ಕೆಟ್ಟದ್ದು ಹಿಂದಿನ ತಗಡಿನ ಚಪ್ಪರದ ಕೆಳಗೆ ಹೋಗುತ್ತದೆ. ಅಮಾವಾಸ್ಯೆಯ ಧರ್ಮ ಆ ಚಪ್ಪರದ ಕೆಳಗಿನದು.

ಇದನ್ನು ಹೆಂಗಸರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸ್ವಲ್ಪ ನೆನೆದಿದೆ, ತೊಳೆದು ಬಿಸಿಲಿಗೆ ಹಾಕಿಕೊಳ್ಳಿ ಎಂದಷ್ಟೇ ಹೇಳಿದ್ದರು. ಅವರು ತೊಳೆದರು, ಬಿಸಿಲಿಗೆ ಹಾಕಿದರು, ಬೀಸಿಸಿದರು, ತಿಂದರು. ಕಹಿ ಎಂದರೆ ಬೆಲ್ಲ ಕಚ್ಚಿಕೊಂಡರು.

ಉಚ್ಚಂಗಮ್ಮನ ಗಂಡ ಮುನಿಯಪ್ಪನಿಗೆ ಮಾತ್ರ ಈ ಜೋಳದ ಮೇಲೆ ಅಭಿಮಾನ. ಅವನು ಹಿರಿಯೂರಿನ ಮಂಡಿಯಲ್ಲಿ ಹಮಾಲಿ ಮಾಡಿ ಬೆನ್ನು ಬಗ್ಗಿದವನು. ಗೌಡರ ಮನೆಯ ಆಯ ನಮ್ಮ ತಾತನಿಂದ ಬಂದದ್ದು, ಊರಲ್ಲಿ ಎಷ್ಟು ಜನ ಹಳೆಯದನ್ನು ನೆನಪಿಟ್ಟುಕೊಂಡಿದ್ದಾರೆ ಹೇಳು ಎಂದು ಹೆಂಡತಿಯ ಬಾಯಿ ಮುಚ್ಚಿಸುತ್ತಿದ್ದ. ಸೊಸೈಟಿ ಅಕ್ಕಿ ಸರ್ಕಾರದ್ದು, ಅದಕ್ಕೆ ಮುಖ ಇಲ್ಲ. ಇದು ಮನುಷ್ಯರು ಮನುಷ್ಯರಿಗೆ ಕೊಟ್ಟದ್ದು ಎನ್ನುತ್ತಿದ್ದ. ಅವನ ಬಟ್ಟಲಿಗೆ ಯಾವಾಗಲೂ ಆ ಜೋಳವೇ ಆಗಬೇಕಿತ್ತು.

ಹೋದ ಮಳೆಗಾಲ ಕಳೆದ ಮೇಲೆ ಮುನಿಯಪ್ಪನಿಗೆ ಮೂಟೆ ಎತ್ತಲು ಆಗದಾಯಿತು. ಊಟ ಸೇರದಾಯಿತು. ಒಂದು ಬೆಳಿಗ್ಗೆ ಅಂಗಳದಲ್ಲಿ ಮುಖ ತೊಳೆಯುವಾಗ ಅವನ ಕಣ್ಣು ಅರಿಸಿನ ಬಳಿದಂತೆ ಕಂಡವು.

ಕಾಮಾಲೆಗೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಅದಕ್ಕೆ ನಾಟಿ ಔಷಧಿಯೇ ಆಗಬೇಕು ಎಂಬುದು ಕೇರಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಉಚ್ಚಂಗಮ್ಮ ಗಂಡನನ್ನು ಬಸ್ಸು ಹತ್ತಿಸಿಕೊಂಡು ಮತ್ತೋಡಿನ ಬೋರಣ್ಣನ ಹತ್ತಿರ ಹೋದಳು. ಬೋರಣ್ಣ ಒಳ್ಳೆಯ ಮನುಷ್ಯ. ದುಡ್ಡು ಮುಟ್ಟುವವನಲ್ಲ. ಎಲೆ ಅರೆದು, ಹಾಲಿನಲ್ಲಿ ಕಲಸಿ ಕುಡಿಸಿದ. ಆಮೇಲೆ ಪಥ್ಯ ಹೇಳಿದ. ಎಣ್ಣೆ ಮುಟ್ಟಬಾರದು, ಖಾರ ಮುಟ್ಟಬಾರದು, ಅಕ್ಕಿ ಬೇಡ, ರಾಗಿ ಬೇಡ. ಜೋಳದ ನುಚ್ಚಿನ ಗಂಜಿ ಒಂದೇ. ಹಸಿವಾದಾಗಲೆಲ್ಲ ಅದನ್ನೇ ಕೊಡು, ಔಷಧಿ ಅರ್ಧ, ಪಥ್ಯ ಅರ್ಧ ಎಂದ.

ಉಚ್ಚಂಗಮ್ಮ ಪಥ್ಯ ಮುರಿಯುವ ಹೆಂಗಸಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಸಂಜೆ ಗಂಜಿ. ಬೇರೆ ಜೋಳ ಮನೆಯಲ್ಲಿ ಎಲ್ಲಿತ್ತು? ಧರ್ಮದ ಚೀಲ ಇತ್ತು. ಮುನಿಯಪ್ಪ ಸಾಕು ಎಂದರೆ ಇವಳು ಗದರುತ್ತಿದ್ದಳು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಹಾಕುತ್ತಿದ್ದಳು. ತಾನು ಮಾತ್ರ ಸೊಸೈಟಿ ಅಕ್ಕಿಯ ಅನ್ನ ಉಂಡಳು. ಒಳ್ಳೆಯದೆಲ್ಲ ಗಂಡನಿಗಿರಲಿ ಎಂದು.

ಅವನ ಹೊಟ್ಟೆ ಊದಿತು. ಕಾಲು ಊದಿದವು. ಆಗ ಹೆದರಿ ಚಿತ್ರದುರ್ಗದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಎಷ್ಟು ವರ್ಷದಿಂದ ಕುಡೀತಿದೀಯ ಎಂದು ಕೇಳಿದರು. ಅವನು ಕುಡಿದವನಲ್ಲ ಎಂದಳು ಉಚ್ಚಂಗಮ್ಮ. ಡಾಕ್ಟರು ಅವಳ ಮುಖ ನೋಡಲಿಲ್ಲ. ಎಲ್ಲರೂ ಹಂಗೇ ಹೇಳೋದು ಎಂದರು. ಯಾವ ಊರು, ಯಾವ ಕೇರಿ ಎಂದು ಕೇಳಿದ ಮೇಲೆ ಇನ್ನೇನೂ ಕೇಳಲಿಲ್ಲ. ಏನು ತಿನ್ನುತ್ತಾನೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಗಂಡಸು ಕುಡುಕ ಎನ್ನಿಸಿಕೊಂಡು ಮಾತ್ರೆ ಹಿಡಿದುಕೊಂಡು ಮನೆಗೆ ಬಂದ. ಬಸ್ಸಿನಲ್ಲಿ ಅವನು ಅತ್ತದ್ದು ಹೊಟ್ಟೆ ನೋವಿಗಲ್ಲ.

ಮನೆಗೆ ಬಂದ ಮೇಲೂ ಗಂಜಿ ನಡೆಯಿತು. ಮಾತ್ರೆಯ ಜೊತೆಗೆ ಪಥ್ಯವೂ ಇರಲಿ ಎಂದು.

ಅಷ್ಟರಲ್ಲಿ ಪ್ರಭುಲಿಂಗಪ್ಪನ ಒಂದು ಶೆಡ್ಡಿನಲ್ಲಿ ಕೋಳಿಗಳು ಸಾಯತೊಡಗಿದವು. ಮಿಲ್ಲಿನಲ್ಲಿ ಗಲಾಟೆಯೋ ಗಲಾಟೆ. ಮನುಷ್ಯರು ಸತ್ತರೂ ಅಷ್ಟು ಫೋನು ಓಡಾಡುವುದಿಲ್ಲ. ಬೈಂಡರ್ ಮಾರುವ ಕಂಪನಿಯಿಂದ ಮೋನಿಕಾ ಎಂಬ ಕೋಳಿ ಡಾಕ್ಟರು ಕಾರಿನಲ್ಲಿ ಬಂದಳು. ಸಣ್ಣ ವಯಸ್ಸು. ಕೈಗೆ ಗ್ಲೌಸು ಹಾಕಿಕೊಂಡು ಸಿಮೆಂಟಿನ ಕಟ್ಟೆಯ ಮೇಲೆ ಸತ್ತ ಕೋಳಿ ಕುಯ್ದಳು. ಕಾಲು ಅಗಲಿಸಿ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಪರಮೇಶ್ ಉಚ್ಚಂಗಮ್ಮನನ್ನು ಕರೆದ. ಅವಳಿಗೆ ಗ್ಲೌಸು ಕೊಡಲಿಲ್ಲ.

ಕೋಳಿಯ ಹೊಟ್ಟೆಯಿಂದ ನೀರು ಬಂತು. ಪಿತ್ತಜನಕಾಂಗ ಹಳದಿಯಾಗಿ ಊದಿಕೊಂಡಿತ್ತು. ಮೋನಿಕಾ ಬೆರಳಲ್ಲಿ ಒತ್ತಿದಳು. ಹಳೆಯ ಬೆಣ್ಣೆಯ ಹಾಗೆ ಮುರಿಯಿತು. ಬೂಷ್ಟಿನ ವಿಷ ಎಂದಳು. ಚಪ್ಪರದ ಕೆಳಗಿನ ರಾಶಿ ಈ ಶೆಡ್ಡಿನ ಆಹಾರಕ್ಕೆ ಬಿದ್ದಿದೆಯೇ ಎಂದು ಕೇಳಿದಳು. ಪರಮೇಶ್ ತಲೆ ತಗ್ಗಿಸಿದ. ಲೋಡು ಕಮ್ಮಿ ಬಿದ್ದಿದ್ದಕ್ಕೆ ಅಲ್ಲಿಂದ ಸ್ವಲ್ಪ ಎಳೆದು ಬೆರೆಸಿದ್ದ. ಪ್ರಭುಲಿಂಗಪ್ಪ ಅವನ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈದ.

"ಆ ರಾಶಿಗೆ ಎಷ್ಟು ಬೈಂಡರ್ ಹಾಕಿದ್ರೂ ಆಗಲ್ಲ ಸರ್," ಎಂದಳು ಮೋನಿಕಾ. "ಬೈಂಡರ್ ವಿಷಾನ ಕರುಳಲ್ಲೇ ಹಿಡ್ಕೊಂಡು ಪಿಕ್ಕೆ ಜೊತೆ ಹೊರಗೆ ಹಾಕುತ್ತೆ. ಅದಕ್ಕೂ ಒಂದು ಮಿತಿ ಇರುತ್ತೆ. ಅದನ್ನ ನಾಶ ಮಾಡಿ ಅಂತ ಅವತ್ತೇ ಹೇಳಿದ್ದೆ."

ಪ್ರಭುಲಿಂಗಪ್ಪ ಆಯಿತು, ಮಾಡಿಸುತ್ತೇನೆ ಎಂದ. ಅವರು ಮೂವರೂ ಉಚ್ಚಂಗಮ್ಮನ ಎದುರಿಗೇ ಮಾತಾಡಿದರು. ಅವಳು ಕೋಳಿಯ ಕಾಲು ಹಿಡಿದುಕೊಂಡು ನಿಂತಿದ್ದಳು. ಕಟ್ಟೆ ಇತ್ತು, ಕತ್ತರಿ ಇತ್ತು, ಬಕೆಟ್ಟು ಇತ್ತು, ಅವಳೂ ಇದ್ದಳು. ಬಕೆಟ್ಟಿಗೆ ಕಿವಿ ಇರುತ್ತದೆಂದು ಯಾರಾದರೂ ಅಂದುಕೊಳ್ಳುತ್ತಾರೆಯೇ.

ಅವಳ ಕಣ್ಣು ಮಾತ್ರ ಆ ಹಳದಿ ಪಿತ್ತಜನಕಾಂಗದ ಮೇಲಿತ್ತು. ಹೊಟ್ಟೆಯ ನೀರು ಅವಳ ಕೈ ಮೇಲೆ ಹರಿದಿತ್ತು. ತೊಡೆಯ ಮೇಲೆ ತಲೆ ಇಟ್ಟುಕೊಂಡು ಬಾಯಿಗೆ ಚಮಚ ಇಟ್ಟದ್ದು ಇದೇ ಕೈ. ಬೇಡ ಎಂದರೂ ಗದರಿ ಹಾಕಿದ್ದು ಇದೇ ಕೈ. ಕೋಳಿಯ ಕಾಲು ಬಿಟ್ಟು ಕಟ್ಟೆಯ ಪಕ್ಕ ಕುಂತುಬಿಟ್ಟಳು. ವಾಸನೆಗೆ ತಲೆ ಸುತ್ತಿರಬೇಕು ಎಂದು ಪರಮೇಶ್ ನಕ್ಕ.

ಆ ಸಂಜೆಯೇ ಅವಳು ಗಂಜಿಯ ಪಾತ್ರೆ ಬೋರಲು ಹಾಕಿದಳು. ಬದಿಮನೆಯ ಸುಮಿತ್ರಾ ಅವಳ ಜೊತೆಗೇ ಹೆಂಟೆ ಒಡೆಯುವವಳು, ಚಿಕ್ಕ ಮಕ್ಕಳ ತಾಯಿ. ಅವಳಿಗೆ ಎಲ್ಲ ಹೇಳಿದಳು. ಆ ಜೋಳ ಮಕ್ಕಳಿಗೆ ಹಾಕಬೇಡ ಕಣೇ ಎಂದಳು. ಸುಮಿತ್ರಾ ಹೆದರಿದಳೇ ಹೊರತು ನಂಬಲಿಲ್ಲ. ಯಜಮಾನರು ವಿಷ ಕೊಡುತ್ತಾರೆಯೇ, ಪೂಜೆ ಮಾಡಿ ಕೊಡುತ್ತಾರಲ್ಲ ಎಂದಳು. ಹೆಂಟೆ ಒಡೆಯುವವರಲ್ಲಿ ಕೇರಿಯ ರಂಗಪ್ಪನ ತಾಯಿ ಎಲ್ಲರಿಗಿಂತ ಹಿರಿಯಳು, ಅವಳ ಹತ್ತಿರವೂ ಹೋದಳು. ಉಣ್ಣುವ ಕಾಳಿಗೆ ಹಾಗೆಲ್ಲ ಅನ್ನಬಾರದು, ಗಂಡ ಹುಷಾರಿಲ್ಲದ ಸಂಕಟಕ್ಕೆ ಏನೇನೋ ಮಾತಾಡುತ್ತೀಯ ಎಂದು ಸಮಾಧಾನ ಹೇಳಿ ಕಳಿಸಿದಳು. ಕೋಳಿಯ ಹೊಟ್ಟೆ ನೋಡಿದವಳು ಅವಳೊಬ್ಬಳೇ. ಯಾರ ಮುಂದೆ ಹೇಳಿದರೂ ಅದು ಬರೀ ಬಾಯಿಮಾತು.

ಹೊಸ ಗಂಜಿ ಒಳಗೆ ಹೋಗುವುದೇನೋ ನಿಂತಿತು. ಹೋದದ್ದರ ಗತಿ ಏನು? ಅದನ್ನು ಯೋಚಿಸಿ ಯೋಚಿಸಿ ಅವಳಿಗೆ ಡಾಕ್ಟರಮ್ಮನ ಮಾತೇ ಕಿವಿಯಲ್ಲಿ ಕೂತಿತು. ಪುಡಿ ವಿಷವನ್ನು ಹಿಡಿದುಕೊಂಡು ಹೊರಗೆ ಹಾಕುತ್ತದಂತೆ. ಕೋಳಿಯ ಹೊಟ್ಟೆಯಲ್ಲಿರುವುದನ್ನು ತೆಗೆಯುವುದು ಮನುಷ್ಯನ ಹೊಟ್ಟೆಯಲ್ಲಿರುವುದನ್ನು ಯಾಕೆ ತೆಗೆಯಬಾರದು? ಅವಳಿಗೆ ಬೇರೆ ಯಾರು ಹೇಳುವವರಿದ್ದರು. ಕೋಳಿ ಆಹಾರ ಕಲಸುವ ಮಿಕ್ಸರಿನ ಸುತ್ತ ಚೆಲ್ಲಿದ ಪುಡಿಯನ್ನು ಗುಡಿಸುವಾಗ ಒಂದು ಹಿಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಡ ಬದುಕಲಿ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಗೇಟಿನಲ್ಲಿ ದಿನವೂ ತಪಾಸಣೆ ಇರುತ್ತದೆ. ಹೆಂಗಸರು ಸೆರಗು ಕೊಡವಿ ತೋರಿಸಿ ಹೋಗಬೇಕು, ಜೋಳ ಕದ್ದಾರೆಂದು. ಧರ್ಮ ಕೊಡುವವನ ಗೇಟಿನಲ್ಲಿ ತಪಾಸಣೆಯೂ ಇರುತ್ತದೆ, ಅದರಲ್ಲಿ ಆಶ್ಚರ್ಯ ಏನಿಲ್ಲ. ಪರಮೇಶ್‌ಗೆ ಗಂಟು ಸಿಕ್ಕಿತು. ಬಿಚ್ಚಿ ನೋಡಿದ. ಆ ಪುಡಿಯನ್ನು ಅವಳ ಅಂಗೈಗೇ ಸುರಿದು, ಕೈ ಚಾಚಿಕೊಂಡು ಗೇಟಿನ ಪಕ್ಕ ನಿಂತಿರು, ಯಜಮಾನರು ಬರಲಿ ಎಂದ. ಅವಳಿಗೆ ಮಗನಾಗುವ ವಯಸ್ಸು ಅವನದು. ಲಾರಿಯವರು ನೋಡಿಕೊಂಡು ಹೋದರು. ಕೇರಿಯವರು ನೆಲ ನೋಡಿಕೊಂಡು ಹೋದರು. ಅವಳ ತೋಳು ಸೋತು ಬಂತು. ಕೈ ಇಳಿಸಿದರೆ ಪುಡಿ ಚೆಲ್ಲುತ್ತದೆ ಎಂದು ಅವಳು ಇಳಿಸಲಿಲ್ಲ. ಅಷ್ಟು ಅವಮಾನದಲ್ಲೂ ಆ ಪುಡಿ ಮನೆಗೆ ಮುಟ್ಟೀತೆಂಬ ಆಸೆ ಅವಳಿಗಿತ್ತು.

ಪ್ರಭುಲಿಂಗಪ್ಪನ ಕಾರು ಬಂತು. ಹಿಂದಿನ ಸೀಟಿನಲ್ಲಿ ಮೋನಿಕಾ ಇದ್ದಳು. ಅವನು ಗ್ಲಾಸು ಇಳಿಸಿ, ಯಾರಿಗೆ ಮಾರಲು ಎಂದು ಕೇಳಿದ. ಗಂಡನಿಗೆ ಕುಡಿಸಲು ಎಂದಳು ಉಚ್ಚಂಗಮ್ಮ. ಅವನಿಗೆ ನಗು ತಡೆಯಲಾಗಲಿಲ್ಲ. ಪರಮೇಶನೂ ನಕ್ಕ. ಮೋನಿಕಾ ನಗಲಿಲ್ಲ. ಕಾರಿನಿಂದ ಇಳಿದು ಹತ್ತಿರ ಬಂದು ಮೆಲ್ಲಗೆ ಮಾತಾಡಿದಳು.

"ಅದನ್ನ ಕುಡಿಸ್ಬೇಡಮ್ಮ. ಅದು ಮನುಷ್ಯರಿಗಲ್ಲ."

"ಆ ಜೋಳ ಮನುಷ್ಯರಿಗೇನವ್ವ?" ಎಂದಳು ಉಚ್ಚಂಗಮ್ಮ.

ಮೋನಿಕಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖದ ಬಣ್ಣ ಹೋಯಿತು. ಪ್ರಭುಲಿಂಗಪ್ಪನ ಕಡೆ ತಿರುಗಿದಳು. ಅವನು ಆಗಲೇ ಗ್ಲಾಸು ಏರಿಸಿದ್ದ. ಅವಳ ಕಂಪನಿಯ ದೊಡ್ಡ ಗಿರಾಕಿ ಅವನು. ಅವಳು ಹೋಗಿ ಕಾರಿನಲ್ಲಿ ಕುಂತಳು. ಪುಡಿಯನ್ನು ಪರಮೇಶ್ ಚೀಲಕ್ಕೆ ಸುರಿಸಿಕೊಂಡ.

ಪ್ರಭುಲಿಂಗಪ್ಪ ಪೊಲೀಸರಿಗೆ ಕೊಡಲಿಲ್ಲ. ಅವನು ದೊಡ್ಡ ಮನಸ್ಸಿನವನು. ಅಮಾವಾಸ್ಯೆ ದಿನ ಎಲ್ಲರ ಎದುರಿಗೆ ತಪ್ಪಾಯಿತು ಎಂದು ಕಾಲು ಮುಟ್ಟಿ, ಎಂದಿನ ಹಾಗೆ ಸೆರಗೊಡ್ಡಿ ಕಾಳು ಹಾಕಿಸಿಕೊಂಡರೆ ಕೆಲಸ ಉಳಿಯುತ್ತದೆ ಎಂದು ಹೇಳಿ ಕಳಿಸಿದ. ಗಂಡನನ್ನು ಒಳ್ಳೆಯ ಆಸ್ಪತ್ರೆಗೂ ತೋರಿಸುತ್ತಾನಂತೆ. ಕೇರಿಯ ಹಿರಿಯ ಉಗ್ರಪ್ಪ ಮನೆಗೆ ಬಂದು, ನಿನ್ನೊಬ್ಬಳಿಂದ ಎಲ್ಲರ ಅನ್ನಕ್ಕೆ ಕಲ್ಲು ಬೀಳುವುದು ಬೇಡ, ಹೋಗಿ ಒಂದು ಮಾತು ಅಂದುಬಿಡು ಎಂದ. ಮುನಿಯಪ್ಪ ಮಲಗಿದಲ್ಲಿಂದಲೇ ಕೈ ಮುಗಿದ. ಗೌಡರ ಮನೆಯ ಆಯ ಬಿಡಿಸಬೇಡ, ಮೇಲೆ ಹೋದಾಗ ನಮ್ಮಪ್ಪನಿಗೆ ಮುಖ ತೋರಿಸುವುದು ಹೇಗೆ ಎಂದ. ಅವನಿಗೆ ಅವಳು ಇನ್ನೂ ಏನೂ ಹೇಳಿರಲಿಲ್ಲ. ಏನೆಂದು ಹೇಳುವುದು? ನಾನೇ ಹಾಕಿದೆ ಎಂದೇ?

ಹಾಗೆ ಅವಳು ಆ ಅಮಾವಾಸ್ಯೆಯ ದಿನ ಮಿಲ್ಲಿಗೆ ಹೋದಳು.

ಮಿಕ್ಸರಿಗೆ ಹಾರ ಹಾಕಿದ್ದರು. ಲಾರಿಗಳಿಗೆ ನಿಂಬೆಹಣ್ಣು ಇಟ್ಟಿದ್ದರು. ಬೂದುಗುಂಬಳ ಒಡೆದಾಗಿತ್ತು. ಪ್ರಭುಲಿಂಗಪ್ಪ ಬಿಳಿ ಪಂಚೆ ಉಟ್ಟು ಮಿಲ್ಲಿನ ಮುಂದಿನ ಕಟ್ಟೆಯ ಮೇಲೆ ನಿಂತಿದ್ದ. ಅವನ ಮುಂದೆ ಕಾಳಿನ ಚೀಲಗಳು, ಒಂದು ಬಿದಿರಿನ ಪುಟ್ಟಿ. ಕುಂಕುಮ ಹಚ್ಚಿದ್ದ ಚೀಲಗಳವು. ಮೋನಿಕಾ ಒಂದು ಪಕ್ಕದಲ್ಲಿ ಪ್ರಸಾದದ ದೊನ್ನೆ ಹಿಡಿದುಕೊಂಡು ನಿಂತಿದ್ದಳು. ಪರಮೇಶ್ ಮೊಬೈಲು ಎತ್ತಿ ಹಿಡಿದಿದ್ದ. ಕೆಳಗೆ ಕೇರಿಯವರ ಸಾಲು, ಬರಿಗಾಲಲ್ಲಿ.

ಅವತ್ತು ಮೊದಲು ಉಳಿದವರಿಗೆ ಹಾಕಿದರು. ತಪ್ಪಿತಸ್ಥೆ ಕೊನೆಗೆ. ಸುಮಿತ್ರಾಗೆ ಬಿತ್ತು. ರಂಗಪ್ಪನ ತಾಯಿಗೆ ಬಿತ್ತು. ಎಲ್ಲರೂ ತುಂಬಿದ ಸೆರಗು ಎದೆಗೆ ಅವುಚಿಕೊಂಡು ಪಕ್ಕಕ್ಕೆ ನಿಂತರು. ಉಚ್ಚಂಗಮ್ಮನ ಸರದಿ ಬಂತು. ಅವಳ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿತ್ತು, ಹೆಂಟೆ ಒಡೆಯುವಾಗ ಸಿಕ್ಕಿಸಿಕೊಳ್ಳುವಂತೆ.

"ತಪ್ಪಾತು ಅನ್ನೇ ಉಚ್ಚಂಗಿ," ಎಂದ ಪ್ರಭುಲಿಂಗಪ್ಪ. "ಸೆರಗು ಬಿಚ್ಚಿ ಒಡ್ಡು."

ಅವಳು ಕಟ್ಟೆ ಹತ್ತಿದಳು. ಆ ಕಟ್ಟೆಯನ್ನು ಕೇರಿಯವರು ಪೂಜೆಯ ದಿನ ಹತ್ತುವುದಿಲ್ಲ. ಕಾಲು ಮುಟ್ಟಲು ಬಂದಳೆಂದು ಅವನು ಪಂಚೆ ಸರಿಮಾಡಿಕೊಂಡ. ಅವಳು ಬಗ್ಗಿದ್ದು ಪುಟ್ಟಿಗೆ. ಚೀಲಕ್ಕೆ ಪುಟ್ಟಿ ಅದ್ದಿ ತುಂಬಿಕೊಂಡಳು. ಸೊಂಟದ ಮೇಲಿಟ್ಟುಕೊಂಡು ಕಟ್ಟೆ ಇಳಿದು ಕೋಳಿ ಶೆಡ್ಡಿನ ಕಡೆ ನಡೆದಳು.

ಮೊದಲು ಯಾರಿಗೂ ತಿಳಿಯಲಿಲ್ಲ. ಕೋಳಿಗಳಿಗೆ ತಿಳಿಯಿತು. ಪುಟ್ಟಿ ಕಂಡು ಶೆಡ್ಡಿನ ಉದ್ದಕ್ಕೂ ಕುತ್ತಿಗೆ ಹೊರಗೆ ಹಾಕಿ ಕೂಗತೊಡಗಿದವು. ಅವಳು ಬಾಗಿಲು ನೂಕಿ ಒಳಗೆ ಹೋಗಿ, ಮೊದಲ ಸಾಲಿನಲ್ಲಿ ಕೋಳಿಗೆ ಆಹಾರ ಸುರಿಯುವ ದೋಣಿಯ ಮೇಲೆ ಪುಟ್ಟಿ ಎತ್ತಿ ಹಿಡಿದಳು.

"ಲೇ ಪರಮೇಶ, ಹಿಡಿಯೋ ಅವಳನ್ನ!" ಪ್ರಭುಲಿಂಗಪ್ಪ ಕಟ್ಟೆಯಿಂದ ಧುಮುಕಿ ಪಂಚೆ ಎತ್ತಿಕೊಂಡು ಓಡಿ ಬಂದ. "ಹಾಕ್ಬೇಡ ಕಣೇ, ಕೋಳಿ ಸತ್ತೋಗ್ತವೆ!"

ಪರಮೇಶ್ ಬಂದು ಅವಳ ರಟ್ಟೆ ಹಿಡಿದು ಎಳೆದ. ಪುಟ್ಟಿ ಬಿಡಲಿಲ್ಲ ಅವಳು. ಮೂಟೆ ಹೊತ್ತ ಮೈ ಅದು, ಹೆಂಟೆ ಹಿಚುಕಿದ ಕೈ. ಅವನು ಬೆರಳು ಬಿಡಿಸಲು ನೋಡಿದ, ಆಗಲಿಲ್ಲ. ಅವಳು ಸುರಿಯಲೂ ಇಲ್ಲ. ಆ ಮೂಕಪ್ರಾಣಿಗಳು ಅವಳಿಗೆ ಏನು ಮಾಡಿದ್ದವು. ಪುಟ್ಟಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಪ್ರಭುಲಿಂಗಪ್ಪನ ಕಡೆ ತಿರುಗಿ ನಿಂತಳು. ಅವನ ಹಿಂದೆ ಇಡೀ ಕೇರಿ ಬಂದು ನಿಂತಿತ್ತು, ಸೆರಗಿನಲ್ಲಿ ಅದೇ ಕಾಳು ಕಟ್ಟಿಕೊಂಡು.

"ಮತ್ತೆ ನಾವು?" ಎಂದಳು.

ಪ್ರಭುಲಿಂಗಪ್ಪ ಏದುಸಿರು ಬಿಡುತ್ತಿದ್ದ. ತಾನು ಏನಂದೆ ಎಂಬುದು ಅವನಿಗೆ ಆಗ ಹೊಳೆದಿರಬೇಕು. ಹಿಂದೆ ತಿರುಗಿ ಅಷ್ಟೂ ಮುಖ ನೋಡಿದ.

"ನೀವು ತೊಳೆದು ಬೇಯ್ಸಿ ತಿಂತೀರಲ್ಲೇ," ಎಂದ. "ಕೋಳಿ ಹಸೀದು ತಿಂತವೆ."

ಉಚ್ಚಂಗಮ್ಮ ಮೋನಿಕಾಳನ್ನು ಹುಡುಕಿದಳು. ಆಕೆ ಬಾಗಿಲ ಹತ್ತಿರ ನಿಂತಿದ್ದಳು.

"ಬೇಯ್ಸಿದ್ರೆ ಹೋಗ್ತೈತೇನವ್ವ?"

ಮೋನಿಕಾ ಪ್ರಭುಲಿಂಗಪ್ಪನನ್ನು ನೋಡಿದಳು. ಅವನು ಕಣ್ಣಲ್ಲೇ ಹೆದರಿಸಿದ. ಅವಳು ಕೈಯಲ್ಲಿದ್ದ ದೊನ್ನೆಯನ್ನು ನೋಡಿಕೊಂಡು, ಹೋಗಲ್ಲ ಎಂದಳು. ತೊಳೆದ್ರೂ ಹೋಗಲ್ಲ ಎಂದಳು. ಧ್ವನಿ ಸಣ್ಣದಾಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು.

ಸುಮಿತ್ರಾ ಸೆರಗು ಬಿಟ್ಟಳು. ಕಾಳು ಸಿಮೆಂಟಿನ ಮೇಲೆ ಬಿದ್ದು ಚದುರಿತು. ಬೆಳಿಗ್ಗೆ ಮಕ್ಕಳಿಗೆ ಅದರದೇ ರೊಟ್ಟಿ ಕೊಟ್ಟು ಬಂದಿದ್ದಳು ಅವಳು. ಬಾಯಿಗೆ ಸೆರಗು ತುರುಕಿಕೊಳ್ಳಲು ಹೋಗಿ, ಸೆರಗಿನಲ್ಲಿದ್ದ ಧೂಳು ಕಂಡು ಅದನ್ನೂ ಕೊಡವಿ ಬಿಟ್ಟಳು. ಇನ್ನೊಬ್ಬಳು ಬಿಟ್ಟಳು. ಮತ್ತೊಬ್ಬಳು ಬಿಟ್ಟಳು. ಗಂಡಸರು ಟವೆಲ್ಲು ಕೊಡವಿದರು. ರಂಗಪ್ಪನ ತಾಯಿಗೆ ಮಾತ್ರ ಕಾಳು ಚೆಲ್ಲಲು ಮನಸ್ಸು ಬರಲಿಲ್ಲ. ಕುಕ್ಕರುಗಾಲಲ್ಲಿ ಕುಂತು, ಸೆರಗಿನಿಂದ ಹಿಡಿ ಹಿಡಿಯಾಗಿ ತೆಗೆದು ಗೋಡೆ ಪಕ್ಕ ಇಟ್ಟಳು. ಪ್ರತಿ ಹಿಡಿಗೂ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಪ್ರಭುಲಿಂಗಪ್ಪನ ಕಡೆ ಕ್ಯಾಕರಿಸಿ ಉಗಿದಳು.

ಪರಮೇಶ್, ಗುಡಿಸಿ ತೆಗೀರಿ, ಕೋಳಿ ತಿಂದಾವು ಎಂದು ಕೂಗಾಡಿದ. ಯಾರೂ ಪೊರಕೆ ಮುಟ್ಟಲಿಲ್ಲ. ಅವನೇ ಬಗ್ಗಿ ಗುಡಿಸತೊಡಗಿದಾಗ ಕೇರಿಯವರು ಗೇಟು ದಾಟುತ್ತಿದ್ದರು. ಅವತ್ತು ತಪಾಸಣೆ ಮಾಡುವವರು ಯಾರೂ ಇರಲಿಲ್ಲ.

ಉಚ್ಚಂಗಮ್ಮ ಮನೆಗೆ ಬಂದಾಗ ಮುನಿಯಪ್ಪ ಗೋಡೆಗೆ ಒರಗಿ ಕುಂತಿದ್ದ. ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ತಾತನ ಕಾಲದ ಆಯವನ್ನು ಒಂದು ಗಳಿಗೆಯಲ್ಲಿ ಕಳೆದು ಬಂದೆ ಎಂದು ಬೈದ. ಬಯ್ಯಲೂ ಉಸಿರು ಸಾಲದೆ ನಡುನಡುವೆ ನಿಲ್ಲಿಸಿದ. ಅವಳು ಅವನ ಮುಂದೆ ಕುಂತಳು.

"ಕೋಳಿಗೆ ಹಾಕಾಕೆ ಹೋದ್ರೆ ಓಡಿ ಬಂದು ತಡೆದ್ರು," ಎಂದಳು. "ನಿಂಗೆ ಹಾಕುವಾಗ ಯಾರೂ ತಡೀಲಿಲ್ಲ. ನಾನೇ ಹಾಕ್ದೆ. ನನ್ನ ಕೈಲೇ ಹಾಕ್ದೆ."

ಮುನಿಯಪ್ಪ ಹಳದಿ ಕಣ್ಣುಗಳಲ್ಲಿ ಅವಳನ್ನೇ ನೋಡಿದ. ಗೌಡರೇ ಅಂದರೇ ಎಂದು ಕೇಳಿದ. ಅವರ ಬಾಯಲ್ಲೇ ಬಂತು ಎಂದಳು. ಮತ್ತೆ ಕೇಳಿದ. ಮತ್ತೆ ಹೇಳಿದಳು. ಅವನು ಕೈ ಚಾಚಿ ಅವಳ ಕೈ ಹಿಡಿದುಕೊಂಡ. ಆ ಕೈ ಮೇಲೆ ಸಿಟ್ಟು ಇಲ್ಲ ಎಂದು ಹೇಳಲು ಅವನಿಗೆ ಬೇರೆ ದಾರಿ ಇರಲಿಲ್ಲ. ಆಮೇಲೆ, ಆ ಚೀಲ ಮನೆಯಿಂದ ಹೊರಗೆ ಹಾಕು ಎಂದ.

ತಿಪ್ಪೆಗೆ ಹಾಕಿದರೆ ಕೇರಿಯ ಕೋಳಿ, ಮೇಕೆ ತಿನ್ನುತ್ತವೆ. ಮಾರನೆಯ ಬೆಳಿಗ್ಗೆ ಅವಳು ಹಿತ್ತಲಲ್ಲಿ ಗುದ್ದಲಿ ಹಿಡಿದು ಗುಂಡಿ ತೋಡಿದಳು. ಅನ್ನದ ಕಾಳನ್ನು ಮಣ್ಣಿಗೆ ಹಾಕುವುದು ಅವಳ ವಂಶದಲ್ಲೇ ಯಾರೂ ಮಾಡದ ಕೆಲಸ. ಸುಮಿತ್ರಾ ತನ್ನ ಮನೆಯ ಚೀಲ ತಂದಳು. ಉಗ್ರಪ್ಪ ತನ್ನದನ್ನು ತಾನೇ ಹೊತ್ತು ತಂದ. ಯಾರ ಮುಖವನ್ನೂ ಅವನು ನೋಡಲಿಲ್ಲ. ಗುಂಡಿ ಸಾಲದೆ ಇನ್ನಷ್ಟು ಅಗಲ ಮಾಡಬೇಕಾ​ಯಿತು.

ಮಣ್ಣು ಮುಚ್ಚುತ್ತಿರುವಾಗ ಪರಮೇಶ್ ಬೈಕಿನಲ್ಲಿ ಬಂದ. ಅವತ್ತು ಅವನ ಬಾಯಲ್ಲಿ ಉಚ್ಚಂಗಿ ಹೋಗಿ ಉಚ್ಚಂಗಮ್ಮ ಬಂದಿತ್ತು. ಯಜಮಾನರು ಒಳ್ಳೆಯ ಅಕ್ಕಿ ಕೊಡುತ್ತಾರಂತೆ, ಎಲ್ಲರ ಮನೆಗೂ. ಬೆಂಗಳೂರಿನ ಆಸ್ಪತ್ರೆಗೆ ಕಾರು ಕಳಿಸುತ್ತಾರಂತೆ. ಆದದ್ದನ್ನು ಹೊರಗೆ ಯಾರಿಗೂ ಹೇಳುವುದು ಬೇಡವಂತೆ. ಸಂಜೆ ಮಿಲ್ಲಿನ ಹತ್ತಿರ ಬಂದರೆ ಮಾತಾಡೋಣ ಎಂದಿದ್ದಾರೆ ಎಂದ.

"ನಾವು ಬರಲ್ಲ ಪರಮೇಶಪ್ಪ," ಎಂದಳು ಉಚ್ಚಂಗಮ್ಮ. "ಅವರೇ ಬರ್ಲಿ. ಕೈಯಾಗೆ ಏನೂ ತರೋದು ಬ್ಯಾಡ. ಒಳಗೆ ಬಂದು ನನ್ನ ಗಂಡನ ಕಣ್ಣು ನೋಡ್ಲಿ. ಎಲ್ಲರ ಎದುರಿಗೆ, ಈತ ಕುಡುಕ ಅಲ್ಲ, ನಾನು ಕೊಟ್ಟಿದ್ದು ತಿಂದು ಹಿಂಗಾದ ಅನ್ಲಿ. ಆಮೇಲೆ ಆಸ್ಪತ್ರೆ ಮಾತು."

ಹೆಂಗಸರು ಕೆಲಸ ಬಿಟ್ಟು ಪರಮೇಶನ ಸುತ್ತ ಬಂದು ನಿಂತಿದ್ದರು. ಅವನು ಬೈಕು ತಿರುಗಿಸಿದ. ಉಚ್ಚಂಗಮ್ಮ ಗುಂಡಿಯ ಮೇಲೆ ಉಳಿದ ಮಣ್ಣು ಎಳೆದು ಕಾಲಲ್ಲಿ ತುಳಿಯತೊಡಗಿದಳು.